ಸ್ಟೇರಿಂಗ್ ಬಿಟ್ಟು ಇಳಿದವರು

ನಾನು ಪಾಠ ಮಾಡಲು ಕುಂದಾಪುರದಿಂದ ಕೊಲ್ಲೂರಿಗೆ ಹೋಗುತ್ತಿದ್ದ ಖಾಸಗಿ ಬಸ್ಸಿಗೆ ಅವರೇ ಡ್ರೈವರು. ಹತ್ತಿದವರು ಕೂತರೇ ಎಂದು ಕನ್ನಡಿಯಲ್ಲಿ ನೋಡಿದ ಮೇಲೆಯೇ ಗೇರು ಹಾಕುವರು. ಯಾರಾದರೂ ಅವಸರ ಮಾಡಿದರೆ, "ಕಂಡ್ಕಂಡ್ ಹೋಪ", ನೋಡಿಕೊಂಡು ಹೋಗೋಣ, ಎನ್ನುವರು, ಅಷ್ಟೇ.

ಒಂದು ಬೆಳಿಗ್ಗೆ ತಿರುವಿನಲ್ಲಿ ಬಸ್ಸು ಗಕ್ಕನೆ ನಿಂತಿತು. ಮಾರು ದೂರದಲ್ಲಿ ಸೊಪ್ಪಿನ ಹೊರೆ ಹೊತ್ತ ಹೆಂಗಸೊಬ್ಬಳು ರಸ್ತೆ ದಾಟುತ್ತಿದ್ದಳು. ಅವಳಿಗೇನೂ ಆಗಲಿಲ್ಲ. ಇವರು ಬಸ್ಸನ್ನು ಬದಿಗೆ ಹಾಕಿ, ಎಂಜಿನ್ ಆರಿಸಿ, ಕೀಲಿಯನ್ನು ಕಂಡಕ್ಟರನ ಕೈಗಿಟ್ಟರು.

"ಬೇರೆ ಡ್ರೈವರನ್ನ ಕರ್ಸ್. ಅವ್ಳ್ ನಂಗ್ ಕಂಡದ್ದೇ ಹತ್ರ ಬಂದ್ಮೇಲೆ."

"ಎಂತ ಆಯ್ಲಿಲ್ಲ ಅಲ್ದಾ? ಲೈಸನ್ಸ್ ಇನ್ನೂ ಎರಡ್ ವರ್ಷ ಇತ್ತಲೆ!" ಎಂದ ಕಂಡಕ್ಟರ್.

"ಲೈಸನ್ಸಿಗ್ ಇತ್ತ್, ಕಣ್ಣಿಗ್ ಇಲ್ಲೆ."

ಅವರು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಅರ್ಧ ಗಂಟೆಯಲ್ಲಿ ಬೇರೆ ಡ್ರೈವರ್ ಬಂದ. ಇವರು ಪ್ರಯಾಣಿಕರಾಗಿ ನನ್ನ ಪಕ್ಕದಲ್ಲಿ ಕೂತರು. ಮೂವತ್ತು ವರ್ಷದ ಕೆಲಸವನ್ನು ಹಾಗೆ ಇಳಿಸಿ ಬಂದವರಿಗೆ ನಾನು ಸರಿದು ಜಾಗ ಕೊಟ್ಟೆ. ಕೊಲ್ಲೂರು ಬರುವವರೆಗೂ ಪ್ರತಿ ತಿರುವಿನಲ್ಲಿ ಅವರ ಬಲಗಾಲು ಬಸ್ಸಿನ ನೆಲವನ್ನು ಮೆಲ್ಲನೆ ಒತ್ತುತ್ತಿತ್ತು.