ತಾಂಡೇಲನ ಎರಡು ಪಾಲು

ಮಾಸ್ತಮ್ಮನಿಗೆ ಆ ಕಾಗದ ಓದಿ ಹೇಳಿದವನು ನಾನೇ. ಹೊನ್ನಾವರದ ಪುಟ್ಟ ಐಸ್ ಕಂಪನಿಯೊಂದರ ಗುಮಾಸ್ತ ನಾನು. ಕಂಪನಿಯಲ್ಲಿ ಅರ್ಧ ಅವಳ ಮೈದುನ ದೇವರಾಜನದು, ಇನ್ನರ್ಧ ಅವಳ ಗಂಡ ಈರನದು. ಈರ ತೀರಿಕೊಂಡ ಮೇಲೆ ಆ ಅರ್ಧ ಅವಳಿಗೆ ಬಂತು.

ಹಾಗೆಂದು ಮೀನಿನ ಬುಟ್ಟಿ ಹೊರುವುದೇನೂ ತಪ್ಪಲಿಲ್ಲ. ಮೂವತ್ತು ವರ್ಷ ಮನೆ ಮನೆ ತಿರುಗಿ ಎರಡೂ ಮೊಣಕಾಲು ಸವೆದಿವೆ. "ಈ ವರ್ಷದ ಲಾಭ ಕೈಗೆ ಬರ್ಲಿ ತಮಾ, ಬುಟ್ಟಿ ಇಳ್ಸೂದೇ" ಎನ್ನುತ್ತಿದ್ದಳು.

ಹೋದ ವರ್ಷ ದೇವರಾಜ ಕಂಪನಿ ನಡೆಸುವುದಕ್ಕೆಂದು ತನಗೆ ಸಂಬಳ ಗೊತ್ತುಮಾಡಿಕೊಂಡ. ಕುಮಟಾದ ಐಸ್ ಪ್ಲಾಂಟಿನಲ್ಲಿ ಮ್ಯಾನೇಜರಿಗೆ ತಿಂಗಳಿಗೆ ನಲವತ್ತು ಸಾವಿರ. ಇವನಿಗೆ ಅದರ ಎರಡರಷ್ಟು, ಐದು ವರ್ಷದವರೆಗೆ. ಅದಕ್ಕೆ ಅವಳ ಸಹಿ ಬೇಕಿತ್ತು. ಕಾಗದ ಇಂಗ್ಲಿಷಿನಲ್ಲಿತ್ತು. ನಾನು ದೊಡ್ಡ ಜಾಣನಂತೆ ಹೇಳಿದೆ: "ತಾಂಡೇಲಗೆ ಎರಡು ಪಾಲು ಇರ್ತದಲ್ಲ, ಹಾಂಗೆ."

ದೋಣಿ ನಡೆಸುವ ತಾಂಡೇಲನಿಗೆ ಹಿಡಿದ ಮೀನಿನಲ್ಲಿ ಎರಡು ಪಾಲು, ಉಳಿದವರಿಗೆ ಒಂದೊಂದು. ಈರ ಬದುಕಿಡೀ ತಾಂಡೇಲನಾಗಿದ್ದವನು. ಅವಳ ಮುಖ ಅರಳಿತು.

"ಅದು ನ್ಯಾಯವೇ. ಆತು, ಎಲ್ಲಿ ಸೈನ್ ಹಾಕೂದು?"

ಆ ವರ್ಷ ಮೀನು ಬರಲಿಲ್ಲ. ದೋಣಿಗಳು ದಡದಲ್ಲೇ ಉಳಿದವು, ಐಸ್ ಕೇಳುವವರಿಲ್ಲ. ದೇವರಾಜನಿಗೆ ಮಾತ್ರ ತಿಂಗಳು ತಿಂಗಳೂ ಎಂಬತ್ತು ಸಾವಿರದ ಚೆಕ್ ಹೋಯಿತು. ಹಂಚಿಕೊಳ್ಳಲು ಬಿಡಿಗಾಸೂ ಉಳಿಯಲಿಲ್ಲ.

ವರ್ಷದ ಸಭೆಯೆಂದರೆ ನಾವು ಮೂರೇ ಜನ.

"ಮೀನು ಸಿಕ್ಕದ ದಿನ ನಮ್ಮನಿಯವ್ರು ಬರಿಗೈಲೇ ಮನಿಗೆ ಬರ್ತಿದ್ರು" ಎಂದಳು ಮಾಸ್ತಮ್ಮ. "ದೋಣಿಗೇ ಇಲ್ದಿದ್ದು ತಾಂಡೇಲಗೆ ಎಲ್ಲಿಂದ? ನಿಂಗೆ ಹೆಂಗೆ ಸಿಕ್ತು ದೇವರಾಜ?"

ಸಂಬಳ ಸರಿಯೋ ಅತಿಯೋ ಎಂದು ಅಳೆಯಲು ಇದಕ್ಕಿಂತ ನೇರವಾದ ಪ್ರಶ್ನೆಯನ್ನು ನಮ್ಮ ಆಡಿಟರ್ ಒಮ್ಮೆಯೂ ಕೇಳಿರಲಿಲ್ಲ.

"ಅತ್ತಿಗೆ, ಅದು ದೋಣಿ, ಇದು ಕಂಪನಿ. ಸೈನ್ ಹಾಕ್ದವ್ರು ನೀವೇ" ಎಂದ ದೇವರಾಜ.

ಅವಳು ನನ್ನತ್ತ ತಿರುಗಿದಳು. "ತಮಾ, ನೀ ಪಾಲು ಅಂದಿದ್ಯಲ್ಲ?"

ಅದು ಪಾಲಲ್ಲ, ಸಂಬಳ; ಮೀನು ಬರಲಿ ಬಿಡಲಿ, ಮೊದಲು ಸಲ್ಲುವುದು ಅವನಿಗೇ. ಅದನ್ನು ಅಂದೇ ಬಿಡಿಸಿ ಹೇಳಬೇಕಿತ್ತು. ತಪ್ಪು ನನ್ನದು ಎಂದು ಆಗಲಾದರೂ ಬಾಯಿಬಿಡಬಹುದಿತ್ತು. ಕೆಲಸ ಹೋದೀತೆಂದು ಹೆದರಿ ತಲೆ ತಗ್ಗಿಸಿದೆ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಇವತ್ತು ಬೆಳಿಗ್ಗೆ ಅವಳು ಕುಂಟುತ್ತಾ ಪ್ಲಾಂಟಿಗೆ ಬಂದಳು. ಮೀನಿಗೆ ಹಾಕಲು ಐಸ್ ಬೇಕಿತ್ತು. ತನ್ನದೇ ಕಂಪನಿಯ ಐಸಿಗೆ ಇಪ್ಪತ್ತು ರೂಪಾಯಿ ಎಣಿಸಿ ಕೊಟ್ಟಳು. ನಾನು ತೆಗೆದುಕೊಂಡೆ.

"ಇನ್ನೂ ನಾಲ್ಕು ವರ್ಷ, ಅಲ್ದಾ?" ಎಂದಳು.

"ಹೌದು."

ಒಬ್ಬಳಿಂದ ಬುಟ್ಟಿ ಎತ್ತಲಾಗಲಿಲ್ಲ. ಅದನ್ನು ಅವಳ ತಲೆಯ ಮೇಲೆ ಎತ್ತಿ ಇಟ್ಟವನೂ ನಾನೇ.