ಮೊದಲ ಬೇಸಿನ ಮೇಲೆ ಮೂರು ತಿಂಗಳು

ಪಿಂಪ್ರಿಯ ನಮ್ಮ ಕಾರ್ಖಾನೆಯ ಬೇಸ್‌ಬಾಲ್ ತಂಡಕ್ಕೆ ನಾನು ಆಯ್ಕೆಯಾದದ್ದು ಆಟ ಬಂದದ್ದರಿಂದಲ್ಲ, ಎಡಚನಾದದ್ದರಿಂದ. ಸ್ಟೋರ್ಸ್‌ನಲ್ಲಿ ಕೂತು ನಟ್ಟು ಬೋಲ್ಟು ಎತ್ತಿಕೊಡುವ, ಒಂದು ಮಹಡಿ ಹತ್ತಲು ಎರಡು ಸಲ ನಿಲ್ಲುವ ನಲವತ್ತಾರರ ಮನುಷ್ಯನಿಗೆ ಆಟ ಎಲ್ಲಿಂದ ಬರಬೇಕು? ತಂಡದ ಆರು ಜನರನ್ನು ಕಂಪನಿ ಮೂರು ತಿಂಗಳು ಹೊಸ ಘಟಕಕ್ಕೆ ಕಳಿಸಿತ್ತು. ಅವರಲ್ಲಿ ಮೊದಲ ಬೇಸ್ ಕಾಯುವವನು ಎಡಚ. ಅವನು ಬಿಟ್ಟುಹೋದ ಚರ್ಮದ ಗ್ಲೌಸ್ ಎಡಗೈಯಲ್ಲಿ ಎಸೆಯುವವರಿಗೆ ಮಾತ್ರ ಸರಿ, ಉಳಿದ ಎಡಚ ನಾನೊಬ್ಬನೇ. ಎಡಗೈಯಲ್ಲಿ ಬಡಿಸಿದ್ದಕ್ಕೆ ಅವ್ವನಿಂದ ತಿಂದ ಏಟುಗಳಿಗೆ ಕೊನೆಗೂ ಬೆಲೆ ಬಂತೆಂದು ಉಬ್ಬಿಹೋದೆ.

ಕೋಚ್ ನಮ್ಮ ಫೋರ್‌ಮನ್, ಸೋಲಾಪುರದ ಕನ್ನಡದವರು. ಮೊದಲ ದಿನವೇ ನನ್ನ ಉಬ್ಬು ಇಳಿಸಿದರು.

"ಅಮೆರಿಕಾದಾಗ ಮಹಾಯುದ್ಧದ ಟೈಮಿಗೆ ದೊಡ್ಡ ದೊಡ್ಡ ಆಟಗಾರರೆಲ್ಲಾ ಮಿಲಿಟರಿಗೆ ಹೋದ್ರು. ಆಗ ನಿಮ್ಮಂಥಾವ ಒಬ್ಬಾವ ಫಸ್ಟ್ ಬೇಸಿಗೆ ನಿಂತಿದ್ದ. ಯುದ್ಧ ಮುಗೀತು, ಅವನ ಆಟಾನೂ ಮುಗೀತು."

"ಚಲೋ ಆಡತಿದ್ನೇನ್ರಿ?"

"ಹಾಳೂರಿಗೆ ಉಳಿದಾವನ ಗೌಡ, ತಿಳೀರಿ."

ಅವನ ಹೆಸರು ಅವರಿಗೂ ಗೊತ್ತಿರಲಿಲ್ಲ. ನನಗೆ ಮಾತ್ರ ಆತ ಹತ್ತಿರದ ಸಂಬಂಧಿಕನಂತೆ ಅನ್ನಿಸಿಬಿಟ್ಟ.

ಕೆಲಸವೇನೋ ಸುಲಭ. ಬೇಸ್ ಅಂದರೆ ನೆಲದ ಮೇಲಿನ ಸಣ್ಣ ಬಿಳಿ ಗಾದಿ, ಅದರ ಮೇಲೆ ಒಂದು ಕಾಲಿಟ್ಟು ನಿಲ್ಲಬೇಕು. ಎದುರಾಳಿ ಚೆಂಡು ಹೊಡೆದು ನನ್ನತ್ತ ಓಡಿ ಬರುತ್ತಾನೆ. ಅವನು ಗಾದಿ ಮುಟ್ಟುವ ಮೊದಲೇ ನಮ್ಮವರು ಎಸೆದ ಚೆಂಡು ನನ್ನ ಕೈ ಸೇರಿದರೆ ಅವನು ಔಟ್. ಕಾಲು ಮಾತ್ರ ಎತ್ತಬಾರದು.

ನಾನು ಎತ್ತಿದೆ. ಬಾಗಲಕೋಟೆ ಕಡೆಯ ಮನೆಯಲ್ಲಿ ಬೆಳೆದವನು ಇನ್ನೇನು ಮಾಡಲಿ? ಒಬ್ಬ ಮನುಷ್ಯ ಬಿಸಿಲಲ್ಲಿ ಏದುಸಿರು ಬಿಡುತ್ತ ನಮ್ಮ ಹತ್ತಿರವೇ ಬರುತ್ತಿದ್ದಾನೆ, ಇರುವುದು ಒಂದೇ ಗಾದಿ. "ಬರ್ರಿ, ಬರ್ರಿ" ಎಂದು ಸರಿದು ಜಾಗ ಬಿಟ್ಟೆ. ಚೆಂಡು ನನ್ನ ಕೈಯಲ್ಲೇ ಇತ್ತು. ಎರಡನೆಯವನಿಗೂ ಹಾಗೇ ಆಯಿತು. ಮೂರನೆಯವನಿಗೆ ನೀರು ಬೇಕೇನ್ರಿ ಎಂದೂ ಕೇಳಿದೆನಂತೆ. ನನಗೆ ನೆನಪಿಲ್ಲ, ಆದರೆ ಕೇಳಿರುತ್ತೇನೆ.

"ಇದೇನ್ ಬೀಗರ ಮನಿ ಅಂದ್ಕೊಂಡೀರೇನ್ರಿ?" ಎಂದು ಕೋಚ್ ತಲೆ ಮೇಲೆ ಕೈಹೊತ್ತು ಕೂತರು.

ಮನೆಯಲ್ಲಿ ಕೌದಿ ಮಡಚಿಟ್ಟು ಅದರ ಮೇಲೆ ನಿಂತು ಅಭ್ಯಾಸ ಶುರುಮಾಡಿದೆ. ಅಡುಗೆಮನೆಯಿಂದ ಹೆಂಡತಿ ಓಡಿ ಬರಬೇಕು. ಅವಳು ಬಂದರೆ ಸರಿಯುವುದು ನನಗೆ ಇಪ್ಪತ್ತು ವರ್ಷದ ರೂಢಿ. "ನಿಂದರ್ರಿ ಗಟ್ಟ್ಯಾಗಿ!" ಎಂದು ಅವಳು ಗದರಿದಳು. ಗದರಿದ್ದಕ್ಕೆ ಹೆದರಿ ಮತ್ತೆ ಸರಿದೆ.

ಎರಡೂವರೆ ತಿಂಗಳಾದರೂ ನನ್ನ ಕೈಯಲ್ಲಿ ಒಬ್ಬರೂ ಔಟಾಗಲಿಲ್ಲ. ಹೋದವರು ಬರುವುದರೊಳಗೆ ಒಂದೇ ಒಂದು ಔಟ್ ಬೇಕೆಂದು ಜೀವ ಹಂಬಲಿಸುತ್ತಿತ್ತು.

ಕೊನೆಯ ಪಂದ್ಯ ಆಫೀಸಿನವರ ಮೇಲೆ. ನನ್ನ ರಜೆ ಮಂಜೂರು ಮಾಡುವ ದೊಡ್ಡ ಸಾಹೇಬರೇ ಚೆಂಡು ಹೊಡೆದು, ಹೊಟ್ಟೆ ಕುಣಿಸುತ್ತ ಓಡಿ ಬಂದರು. ನನ್ನ ಬಾಯಿ ಅದೇ ಬರ್ರಿಯನ್ನು ಮರಾಠಿಯಲ್ಲಿ "ಯಾ ಸಾಹೇಬ, ಯಾ" ಎಂದು ಕರೆದೇಬಿಟ್ಟಿತು. ಕಾಲು ಮಾತ್ರ ಕದಲಲಿಲ್ಲ. ಚೆಂಡು ಬಂದು ಗ್ಲೌಸಿಗೆ ಬಡಿಯಿತು. ಸಾಹೇಬರು ಔಟ್! ಚೆಂಡು ಎತ್ತಿ ಹಿಡಿದು ನಾನು ಮೈದಾನವೆಲ್ಲ ಕುಣಿದೆ. ಆ ಸಂದಿನಲ್ಲಿ ಬೇರೆ ಬೇಸುಗಳಲ್ಲಿ ನಿಂತಿದ್ದ ಅವರ ಇನ್ನಿಬ್ಬರು ಓಡಿ ಎರಡು ರನ್ ಗಳಿಸಿದರು, ನಾವು ಸೋತೆವು. ಕೋಚ್ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಮುಂದಿನ ವಾರ ಆ ಎಡಚ ಆಟಗಾರ ಮರಳಿ ಬಂದ. ನಾನಿನ್ನೂ ಗಾದಿಯ ಮೇಲೆ ನಿಂತಿದ್ದೆ. ಅವನು ದೂರದಲ್ಲೇ ನಿಂತು, "ನೀವ ಆಡ್ರಿ ಕಾಕಾ" ಎಂದ. ಸುಳ್ಳೇಕೆ ಹೇಳಲಿ, ಬಿಟ್ಟುಕೊಡಲು ನನಗೆ ಒಂದಿಷ್ಟೂ ಮನಸ್ಸಿರಲಿಲ್ಲ. ಕಾಲು ಈಗಷ್ಟೇ ನಿಲ್ಲಲು ಕಲಿತಿತ್ತು.

ಬೆವರಿನ ಗ್ಲೌಸ್ ತೆಗೆದು ಅವನತ್ತ ಚಾಚಿದೆ, ಎಡಗೈಯಲ್ಲೇ. ಆಮೇಲೆ ಕಾಲೆತ್ತಿ ಸರಿದು, "ಬರ್ರಿ, ಬರ್ರಿ" ಎಂದೆ.

ಈ ಸಲ ಕೋಚ್ ಬೈಯಲಿಲ್ಲ.