ಅಂಕಿಯಮ್ಮ ಬಾಯಿ ಬಿಡಲಿಲ್ಲ

ಪೇಟೆಯವರು ಆಕೆಯನ್ನು ಅಂಕಿಯಮ್ಮ ಎಂದೇ ಕರೆಯುತ್ತಾರೆ. ದೇಶದ ಚಿಲ್ಲರೆ ವ್ಯಾಪಾರ ಏರಿತೋ ಇಳಿಯಿತೋ ಎಂದು ಲೆಕ್ಕ ಹಾಕಲು ಸರ್ಕಾರ ಈ ಪೇಟೆಯಲ್ಲಿ ಆರಿಸಿಕೊಂಡ ನಲವತ್ತು ಅಂಗಡಿಗಳಿಗೆ ಇಪ್ಪತ್ತೆರಡು ವರ್ಷಗಳಿಂದ ಪ್ರತಿ ತಿಂಗಳ ಮೊದಲ ವಾರ ಹೋಗಿ ಮಾರಾಟದ ಅಂಕಿ ಬರೆದುಕೊಳ್ಳುತ್ತಾರೆ. ಒಬ್ಬರ ಅಂಕಿ ಇನ್ನೊಬ್ಬರಿಗೆ ಹೇಳುವಂತಿಲ್ಲ, ಕಟ್ಟಿಕೊಂಡ ಗಂಡನಿಗೂ.

ಆ ಗಂಡ ನಿವೃತ್ತರಾಗಿ, ಬಂದ ಇಡುಗಂಟನ್ನೆಲ್ಲ ಸುರಿದು ಮೂಲೆಯ ಚಪ್ಪಲಿ ಅಂಗಡಿ ಕೊಳ್ಳಲು ಹೊರಟರು. ಅದೂ ನಲವತ್ತರಲ್ಲಿ ಒಂದು. ಎರಡು ವರ್ಷಗಳಿಂದ ಅದರ ಮಾರಾಟ ಇಳಿಯುತ್ತಲೇ ಇರುವುದು ಆಕೆಗೆ ಗೊತ್ತಿತ್ತು.

"ವ್ಯಾಪಾರ ಭಾರೀ ಜೋರಂತೆ ಕಣೇ. ನಿಂಗೇನಾದ್ರೂ ಗೊತ್ತಾ?"

"ನನ್ನನ್ನ ಕೇಳ್ಬೇಡಿ."

"ಅಷ್ಟು ವರ್ಷ ಸುತ್ತಿ ಚಪ್ಪಲಿ ಸವೆಸಿದ್ದೇ ಬಂತು!"

ಮುಂಗಡ ಕೊಡುವ ದಿನ ಆಕೆಯೂ ಜೊತೆಗೆ ಹೋದರು. ತಿಂಗಳ ಮೊದಲ ವಾರವೇ ಆಗಿತ್ತು. ಗಂಡ ಚೆಕ್ ಪುಸ್ತಕ ತೆಗೆದರು. ಆಕೆ ಚೀಲದಿಂದ ನಮೂನೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಎಂದಿನ ದನಿಯಲ್ಲಿ ಕೇಳಿದರು:

"ಅಣ್ಣಾ, ಹೋದ ತಿಂಗಳ ವ್ಯಾಪಾರ ಹೇಗೆ?"

ನಮೂನೆ ಕಂಡೊಡನೆ ಮಾಲೀಕನ ಮುಖ ಅಭ್ಯಾಸಬಲದಿಂದ ಜೋತುಬಿತ್ತು.

"ಏನ್ ಹೇಳ್ಲಿ ಅಕ್ಕಾ, ನೊಣ ಹೊಡೀತಾ ಕೂತಿದೀನಿ."

"ಮೊನ್ನೆ ಜೋರು ಅಂದ್ರಲ್ರೀ?" ಎಂದರು ಗಂಡ.

"ಅದು ನಿಮಗೆ ಹೇಳಿದ್ದು ಯಜಮಾನ್ರೇ. ಇದು ಸರ್ಕಾರಕ್ಕೆ."

ಚೆಕ್ ಪುಸ್ತಕ ಜೇಬಿಗೆ ಮರಳಿತು. ಆಕೆ ನಮೂನೆಯ ಎಲ್ಲ ಕಾಲಂ ತುಂಬಿಸಿ, ಮಾಲೀಕನ ಸಹಿ ಪಡೆದೇ ಎದ್ದರು.

"ಮೊದ್ಲೇ ಹೇಳೋಕೇನಾಗಿತ್ತು ನಿಂಗೆ?" ಗಂಡ ದಾರಿಯಲ್ಲಿ ಸಿಡುಕಿದರು.

"ಈಗ್ಲೂ ನಾನೇನೂ ಹೇಳಿಲ್ವಲ್ಲ" ಎಂದು ಆಕೆ ಮುಂದಿನ ಅಂಗಡಿಯ ಮೆಟ್ಟಿಲು ಹತ್ತಿದರು.